ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರ್ ಪದವಿ: ನಿಯಮಗಳ ವಿಮರ್ಶೆ

ಶಾಸ್ತ್ರಗ್ರಂಥವೊಂದನ್ನು ಕೈಗೆತ್ತಿಕೊಂಡಾಗ ನಮ್ಮ ಪ್ರಾಚೀನ ವ್ಯಾಖ್ಯಾನಕಾರರು ಮೊದಲು ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳುತ್ತಿದ್ದರು. ಇದಕ್ಕೆ ಅಧಿಕಾರಿ ಯಾರು? ಇದರ ವಿಷಯವೇನು? ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧವೆಂತಹುದು? ಇದರಿಂದ ಸಿದ್ಧಿಸುವ ಪ್ರಯೋಜನವೇನು? ಅನುಬಂಧಚತುಷ್ಟಯವೆಂದು ಹೆಸರಾದ ಈ ನಾಲ್ಕಕ್ಕೆ ತಕ್ಕ ಉತ್ತರ ದೊರೆಯದಿದ್ದರೆ ಗ್ರಂಥವನ್ನು ಮುಂದೆ ಓದುವ ಶ್ರಮವು ವ್ಯರ್ಥವೆಂದು ಅವರ ಮತ. ವಿಶ್ವವಿದ್ಯಾನಿಲಯಗಳಲ್ಲಿ ಡಾಕ್ಟರ್ ಪದವಿಗಾಗಿ ಬರೆಯುವ ಮಹಾಪ್ರಬಂಧವೂ ಶಾಸ್ತ್ರಗ್ರಂಥವೇ ಆದುದರಿಂದ, ಅದನ್ನು ಆಳುವ ನಿಯಮಗಳನ್ನು ಇದೇ ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸುವುದು ಅನುಚಿತವಾಗಲಾರದು. ಎಲ್ಲ ಶಾಸ್ತ್ರಗಳನ್ನೂ ಒಟ್ಟಿಗೆ ಹಿಡಿದರೆ ಮಾತು ಸಡಿಲವಾಗುವುದೆಂಬ ಭಯದಿಂದ, ಪ್ರಕೃತ ಲೇಖನದಲ್ಲಿ ಸಂಖ್ಯಾಶಾಸ್ತ್ರವೊಂದನ್ನೇ ಆರಿಸಿಕೊಂಡಿದೆ.

ಸಾಹಿತ್ಯವನ್ನು ಬೋಧಿಸುವವರಿಗೆ ಸಂಖ್ಯಾಶಾಸ್ತ್ರದ ಪದವಿಯ ಚರ್ಚೆ ಏತಕ್ಕೆಂದು ವಾಚಕರು ಕೇಳಬಹುದು. ಇದಕ್ಕೆ ಎರಡು ಕಾರಣಗಳುಂಟು. ಮಹಾಪ್ರಬಂಧವೆಂಬುದು ಯಾವ ಶಾಸ್ತ್ರದ್ದಾದರೂ ಮೊದಲು ಒಂದು ಗದ್ಯಗ್ರಂಥ. ಅದರ ಗುಣದೋಷಗಳು ಗದ್ಯದ ಗುಣದೋಷಗಳಿಂದ ತೀರ ಬೇರೆಯಾಗಿರುವುದಿಲ್ಲ. ಎರಡನೆಯದಾಗಿ, ಸಂಖ್ಯಾಶಾಸ್ತ್ರವು ಬಹುಕಾಲದ ಹಿಂದೆಯೇ ಸಾಹಿತ್ಯದ ಅಂಗಳಕ್ಕೆ ಕಾಲಿಟ್ಟಿದೆ. ಉಡ್ನಿ ಯೂಲ್ ಎಂಬ ಬ್ರಿಟಿಷ್ ವಿದ್ವಾಂಸರು ಸಾಹಿತ್ಯಕೃತಿಗಳ ಶಬ್ದಸಂಪತ್ತನ್ನು ಎಣಿಕೆಯಿಂದ ಪರಿಶೀಲಿಸಿ 1944ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಕರ್ತೃತ್ವದ ವಿವಾದಗಳು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಕಡಮೆಯೇನೂ ಇಲ್ಲ. ನಾಳೆ ಯಾವನಾದರೂ ವಿದ್ಯಾರ್ಥಿಯು ಅಂಕೆಗಳ ಬಲದಿಂದ ಅವನ್ನು ತೀರ್ಮಾನಿಸಿದೆನೆಂದು ಹೇಳಿದರೆ, ಅವನ ಮಾತನ್ನು ತೂಗಿನೋಡುವ ಭಾರ ನಮ್ಮ ಮೇಲೆಯೇ ಬೀಳುವುದು.

ಅಧಿಕಾರಿ

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ನೆಯ ನವೆಂಬರ್ ತಿಂಗಳಿನಲ್ಲಿ ಹೊರಡಿಸಿದ ನಿಯಮಾವಳಿಯು, ಅದಕ್ಕೆ ಮೊದಲಿದ್ದ 2016ರ ನಿಯಮಾವಳಿಯನ್ನು ತೊಡೆದುಹಾಕಿ ಅದರ ಸ್ಥಾನದಲ್ಲಿ ನಿಂತಿತು. ಅದರಲ್ಲಿ ಅತ್ಯಂತ ವಿಸ್ತಾರವಾಗಿಯೂ ಸ್ಪಷ್ಟವಾಗಿಯೂ ಇರತಕ್ಕ ಭಾಗವೆಂದರೆ ಅಧಿಕಾರಿಯ ಲಕ್ಷಣವೇ. ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕಗಳನ್ನಾಗಲಿ, ನಾಲ್ಕು ವರ್ಷದ ಸ್ನಾತಕ ಪದವಿಯಲ್ಲಿ ಶೇಕಡ 75 ಅಂಕಗಳನ್ನಾಗಲಿ ಪಡೆದಿರಬೇಕು. ಹಿಂದುಳಿದ ಮತ್ತು ಪರಿಶಿಷ್ಟ ವರ್ಗಗಳವರಿಗೂ ಅಂಗವಿಕಲರಿಗೂ ಶೇಕಡ 5ರ ರಿಯಾಯಿತಿಯುಂಟು. ವಿಶ್ವವಿದ್ಯಾನಿಲಯವು ತಾನೇ ಪ್ರವೇಶಪರೀಕ್ಷೆ ನಡೆಸುವುದಾದರೆ, ಅದರಲ್ಲಿ ಅರ್ಧ ಭಾಗ ಸಂಶೋಧನಾ ವಿಧಾನಕ್ಕೂ ಉಳಿದರ್ಧ ಆಯಾ ಶಾಸ್ತ್ರಕ್ಕೂ ಮೀಸಲು. ಸೇರಿದ ಮೇಲೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೆರಡು, ಸ್ತ್ರೀಯರಿಗೂ ಅಂಗವೈಕಲ್ಯವುಳ್ಳವರಿಗೂ ಅದರ ಮೇಲೆ ಮತ್ತೆರಡು. ಮಕ್ಕಳ ಲಾಲನೆಪಾಲನೆಗಾಗಿ ಸ್ತ್ರೀಯರಿಗೆ 240 ದಿನಗಳವರೆಗೆ ರಜೆ. ಕನಿಷ್ಠ 12 ಕ್ರೆಡಿಟ್‌ಗಳ ಪಾಠಕ್ರಮವನ್ನು ಮುಗಿಸಿ ಅದರಲ್ಲಿಯೂ ಶೇಕಡ 55 ಅಂಕ ಪಡೆಯಬೇಕು.

ಇವುಗಳಲ್ಲಿ ಹಲವು ಅಂಶಗಳು ಶ್ಲಾಘ್ಯವೆಂದು ಮೊದಲೇ ಒಪ್ಪಿಬಿಡುವುದು ನ್ಯಾಯ. ಮನೆವಾರ್ತೆಯನ್ನು ಹೊತ್ತ ಹೆಣ್ಣುಮಗಳೊಬ್ಬಳು ಎಂಟು ವರ್ಷವಾಯಿತೆಂಬ ಒಂದೇ ಕಾರಣದಿಂದ ಪದವಿಯನ್ನು ಕಳೆದುಕೊಳ್ಳಬಾರದೆಂಬ ವಿವೇಕ ಇಲ್ಲಿ ಕಾಣುತ್ತದೆ. ಆದರೆ ಅಂಕಗಳ ಈ ಲೆಕ್ಕಾಚಾರವು ಅಧಿಕಾರವನ್ನು ಅಳೆಯುತ್ತದೆಯೇ, ಅಧಿಕಾರದ ಹೊರಗುರುತನ್ನು ಅಳೆಯುತ್ತದೆಯೇ ಎಂಬುದು ವಿಚಾರಣೀಯ. ಶಾಸ್ತ್ರದ ಚರಿತ್ರೆಯೇ ಇಲ್ಲಿ ನಮ್ಮನ್ನು ಎಚ್ಚರಿಸುತ್ತದೆ. 1931ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಲನೋಬಿಸರು ಯಾವ ಮಹಾಪ್ರಬಂಧವನ್ನೂ ಬರೆದು ಡಾಕ್ಟರಾದವರಲ್ಲ. ಅವರ ಸಹೋದ್ಯೋಗಿಗಳಾಗಿದ್ದ ರಾಜಚಂದ್ರ ಬೋಸರಿಗೆ ಕಲಕತ್ತ ವಿಶ್ವವಿದ್ಯಾನಿಲಯದ ಡಿ.ಲಿಟ್. ಪದವಿ ಬಂದದ್ದು 1947ರಲ್ಲಿ. ಅಷ್ಟುಹೊತ್ತಿಗೆ ಅವರು ಆ ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು.

ನಮ್ಮ ನಾಡಿಗೆ ಇನ್ನೂ ಹತ್ತಿರದ ನಿದರ್ಶನ ಸಿ. ರಾಧಾಕೃಷ್ಣ ರಾಯರದು. ಅವರು 1920ನೆಯ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ, ಒಂದು ತೆಲುಗು ಮನೆತನದಲ್ಲಿ ಜನಿಸಿದರು. ಹಡಗಲಿ ಆಗ ಮದರಾಸು ಪ್ರಾಂತಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. ಇಂದು ಸಂಖ್ಯಾಶಾಸ್ತ್ರದ ಯಾವ ಪಠ್ಯಪುಸ್ತಕವನ್ನು ತೆರೆದರೂ ಅವರ ಹೆಸರನ್ನು ಹೊತ್ತ ಎರಡು ಪ್ರಮೇಯಗಳು ಕಣ್ಣಿಗೆ ಬೀಳುವುವು. ಅವೆರಡೂ 1945ರಲ್ಲಿ ಕಲಕತ್ತ ಗಣಿತಸಂಘದ ಪತ್ರಿಕೆಯಲ್ಲಿ ಬಂದ ಒಂದೇ ಲೇಖನದಲ್ಲಿವೆ. ಆಗ ಅವರ ವಯಸ್ಸು 25 ತುಂಬಿತ್ತೋ ಇಲ್ಲವೋ. ಡಾಕ್ಟರ್ ಪದವಿಯಂತೂ ಇರಲಿಲ್ಲ. ಅದು ಕೇಂಬ್ರಿಜಿನಲ್ಲಿ ರೊನಾಲ್ಡ್ ಫಿಷರರ ಮಾರ್ಗದರ್ಶನದಲ್ಲಿ 1948ರಲ್ಲಿ ಬಂದಿತು. ಹಾಗಾದರೆ ಪದವಿಯು ನಿರುಪಯುಕ್ತವೆಂದು ಹೇಳಬೇಕೆ? ಹಾಗಲ್ಲ. ರಾಯರಂತಹವರು ಶತಮಾನಕ್ಕೊಬ್ಬರು, ನಿಯಮಗಳನ್ನು ರಚಿಸುವುದು ಉಳಿದವರಿಗಾಗಿ. ಆದರೆ ಉಳಿದವರ ಅಧಿಕಾರವೂ ಅಂಕಪಟ್ಟಿಯಲ್ಲಿ ಮುಗಿಯುವುದಿಲ್ಲ. ಪ್ರಶ್ನೆಯನ್ನು ಕೇಳಬಲ್ಲ ಶಕ್ತಿಯೇ ಸಂಶೋಧಕನ ಮುಖ್ಯ ಅಧಿಕಾರ. 2022ರ ನಿಯಮಾವಳಿಯು ಪ್ರವೇಶಪರೀಕ್ಷೆಗೆ ಶೇಕಡ 70, ಸಂದರ್ಶನಕ್ಕೆ ಶೇಕಡ 30 ಎಂದು ಭಾರವನ್ನು ಹಂಚಿರುವುದನ್ನು ನೋಡಿದರೆ, ಉತ್ತರ ಹೇಳಬಲ್ಲವನಿಗೆ ಪ್ರಶ್ನೆ ಕೇಳಬಲ್ಲವನಿಗಿಂತ ಹೆಚ್ಚು ಬೆಲೆ ಸಂದಿದೆಯೆಂದು ತೋರುತ್ತದೆ.

ವಿಷಯ

ಪಾಠಕ್ರಮ ಮುಗಿದ ಮೇಲೆ ವಿದ್ಯಾರ್ಥಿಯು ತನ್ನ ವಿಷಯವನ್ನು ಸಲಹಾ ಸಮಿತಿಯ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ಪ್ರತಿ ಅರ್ಧವರ್ಷಕ್ಕೊಮ್ಮೆ ಅದೇ ಸಮಿತಿಗೆ ಪ್ರಗತಿಯನ್ನು ನಿವೇದಿಸಬೇಕು. ವಿಷಯವು ಹೇಗಿರಬೇಕೆಂಬುದನ್ನು ನಿಯಮವು ಹೇಳುವುದಿಲ್ಲ. ಎಲ್ಲ ಶಾಸ್ತ್ರಗಳಿಗೂ ಹೊಂದತಕ್ಕ ನಿಯಮವು ಹೇಳಲಾರದು ಕೂಡ. ಹೀಗಿರುವಲ್ಲಿ ಸಂಖ್ಯಾಶಾಸ್ತ್ರಕ್ಕೆ ಉಚಿತವಾದ ವಿಷಯದ ಲಕ್ಷಣವನ್ನು ಶಾಸ್ತ್ರಜ್ಞರೂ ವಿಮರ್ಶಕರೂ ತಾವಾಗಿ ಚಿಂತಿಸಬೇಕಾಗಿದೆ.

ಸ್ಥಾಲೀಪುಲಾಕನ್ಯಾಯವನ್ನು ಸಂಸ್ಕೃತಜ್ಞರೆಲ್ಲರೂ ಬಲ್ಲರು. ಮಡಕೆಯೊಳಗಿನ ಒಂದು ಅಗುಳನ್ನು ಹಿಸುಕಿನೋಡಿ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವುದು ಆ ನ್ಯಾಯ. ಸಂಖ್ಯಾಶಾಸ್ತ್ರವು ಹುಟ್ಟುವುದು ಇದರ ಮುಂದಿನ ಪ್ರಶ್ನೆಯಲ್ಲಿ. ಯಾವಾಗ ಒಂದು ಅಗುಳು ಸಾಕು? ಅಡಿಗೆಯವಳು ಸೌಟಿನಿಂದ ತಿರುವಿದ್ದರೆ ಸಾಕು. ತಿರುವದೆ ಮೇಲಿನ ಅಗುಳನ್ನೇ ಎತ್ತಿಕೊಂಡರೆ, ತಳ ಸೀದಿರುವುದೂ ನಡುವೆ ಅಕ್ಕಿ ಅಕ್ಕಿಯಾಗಿ ಉಳಿದಿರುವುದೂ ತಿಳಿಯದು. ಎಷ್ಟು ಅಗುಳು ನೋಡಿದರೆ ಎಷ್ಟು ತಪ್ಪಬಹುದೆಂಬುದನ್ನು ಅಳತೆಮಾಡಿ ಹೇಳುವುದೇ ಈ ಶಾಸ್ತ್ರದ ಹೃದಯ. ಆದುದರಿಂದ ಸಂಖ್ಯಾಶಾಸ್ತ್ರದ ಒಳ್ಳೆಯ ವಿಷಯವೆಂದರೆ, ತಪ್ಪು ಎಲ್ಲಿಂದ ನುಸುಳುತ್ತದೆಯೆಂಬುದನ್ನು ಶೋಧಿಸಲು ಅವಕಾಶವುಳ್ಳ ವಿಷಯ.

ಇಂತಹ ವಿಷಯಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಪೂರ್ವಭಾಗವನ್ನೇ ನೋಡಬಹುದು. 1800ನೆಯ ಇಸವಿಯಲ್ಲಿ ವಿಲಿಯಂ ಲ್ಯಾಂಬ್ಟನನು ಭೂಮಾಪನಕ್ಕಾಗಿ ಸುಮಾರು ಏಳೂವರೆ ಮೈಲಿನ ಆಧಾರರೇಖೆಯನ್ನು ಸರಪಳಿಯಿಂದ ಅಳೆದದ್ದು ಬೆಂಗಳೂರಿನ ಬಳಿಯ ಬಯಲಿನಲ್ಲಿ. ಬಿಸಿಲಿಗೆ ಸರಪಳಿ ಹಿಗ್ಗುವುದನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕಾಗಿದ್ದ ಕಾರ್ಯವದು. ಅಳತೆಯ ತಪ್ಪುಗಳನ್ನು ಹದಗೊಳಿಸುವ ಕನಿಷ್ಠವರ್ಗ ವಿಧಾನವನ್ನು ಲಜಾಂಡ್ರ್ ಎಂಬ ಫ್ರೆಂಚ್ ಗಣಿತಜ್ಞನು ಪ್ರಕಟಿಸಿದ್ದು 1805ರಲ್ಲಿ.

ಇದಕ್ಕಿಂತ ರಸವತ್ತಾದ ವಿಷಯವನ್ನು ಖಾನೇಷುಮಾರಿಯ ಹಳೆಯ ವರದಿಗಳು ಒದಗಿಸುತ್ತವೆ. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದಾಗ ಕಂಟೋನ್ಮೆಂಟು ಮರಳಲಿಲ್ಲ. ಇಂದಿನ ಶಿವಾಜಿನಗರ, ಹಲಸೂರು ಮೊದಲಾದ ಭಾಗಗಳು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ 1947ರವರೆಗೂ ಬ್ರಿಟಿಷರ ಆಡಳಿತದಲ್ಲಿದ್ದುವು. ಎರಡು ಪೌರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಆದುದರಿಂದ ಒಂದೇ ಊರಿನ ಜನರು ಎರಡು ಲೆಕ್ಕಗಳಲ್ಲಿ ಸೇರುತ್ತಿದ್ದರು. 1891ರಲ್ಲಿ ನಗರದ ಜನಸಂಖ್ಯೆ 80,285; ಸ್ಟೇಷನ್ನಿನದು 1,00,081. 1898ರಲ್ಲಿ ಪ್ಲೇಗು ಬಂದಿತು. 1901ರಲ್ಲಿ ನಗರದ ಸಂಖ್ಯೆ 69,447ಕ್ಕೂ ಸ್ಟೇಷನ್ನಿನದು 89,599ಕ್ಕೂ ಇಳಿಯಿತು. ಎಂದರೆ ನಗರದಲ್ಲಿ ನೂರಕ್ಕೆ ಹದಿಮೂರೂವರೆ, ಸ್ಟೇಷನ್ನಿನಲ್ಲಿ ನೂರಕ್ಕೆ ಹತ್ತೂವರೆಯಷ್ಟು ಇಳಿತ.

ಅವಸರದ ಸಂಶೋಧಕನು ಈ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಪ್ಲೇಗಿನ ಹಾವಳಿ ಪೇಟೆಗಳಲ್ಲಿ ಹೆಚ್ಚು, ಕಂಟೋನ್ಮೆಂಟಿನಲ್ಲಿ ಕಡಮೆ ಎಂದು ತೀರ್ಪುಕೊಡುವನು. ಪ್ರೌಢನಾದವನು ಮೊದಲು ಅಂಕೆಗಳನ್ನೇ ಪ್ರಶ್ನಿಸುವನು. ಇಳಿದ ಸಂಖ್ಯೆಯಲ್ಲಿ ಸತ್ತವರೆಷ್ಟು, ಊರು ಬಿಟ್ಟವರೆಷ್ಟು? ಬಿಟ್ಟವರಲ್ಲಿ ಗಣತಿಯ ದಿನದವರೆಗೆ ಮರಳದವರೆಷ್ಟು? ಪೇಟೆಯಿಂದ ಕಂಟೋನ್ಮೆಂಟಿಗೋ, ಅಲ್ಲಿಂದ ಇಲ್ಲಿಗೋ ಮನೆ ಬದಲಿಸಿದವರೆಷ್ಟು? ಸೈನ್ಯದ ಆಜ್ಞೆಯಂತೆ ಬರುತ್ತ ಹೋಗುತ್ತ ಇದ್ದ ದಂಡಿನವರನ್ನು ಖಾಯಂ ನಿವಾಸಿಗಳೊಂದಿಗೆ ಕೂಡಿಸಬಹುದೇ? ಮನೆಗಳನ್ನು ಸೋಸಿ ರೋಗಿಗಳನ್ನು ಪ್ರತ್ಯೇಕಿಸುವರೆಂಬ ಹೆದರಿಕೆಯಿಂದ ಬಚ್ಚಿಟ್ಟ ಸಾವುಗಳು ಯಾವ ಪುಸ್ತಕದಲ್ಲಿ ಸೇರಿಯಾವು? ಈ ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ದೊರೆಯುವುದು, ಯಾವುದಕ್ಕೆ ಮಿತಿಗಳನ್ನು ಮಾತ್ರ ಹಾಕಬಹುದು, ಯಾವುದಕ್ಕೆ ಎಂದಿಗೂ ಉತ್ತರವಿಲ್ಲ ಎಂಬುದನ್ನು ವಿಂಗಡಿಸಿ, ಅದಕ್ಕೆ ಬೇಕಾದ ಹೊಸ ವಿಧಾನವನ್ನು ಕಟ್ಟಿದರೆ ಅದು ಡಾಕ್ಟರ್ ಪದವಿಗೆ ಅರ್ಹವಾದ ಕೃತಿ. ಬರಿಯ ಕೋಷ್ಟಕಗಳನ್ನು ತುಂಬಿದರೆ ಅದು ವರದಿ; ಬರಿಯ ಪ್ರಮೇಯಗಳನ್ನು ಸಾಧಿಸಿ ಕೊನೆಯ ಅಧ್ಯಾಯದಲ್ಲಿ ಯಾವುದೋ ಅಂಕೆಗಳನ್ನು ಅಲಂಕಾರಕ್ಕಾಗಿ ತಗುಲಿಸಿದರೆ ಅದು ಗಣಿತ. ಎರಡಕ್ಕೂ ಗೌರವವುಂಟು, ಆದರೆ ಅಂಕೆಯೂ ವಿಧಾನವೂ ಒಂದನ್ನೊಂದು ತಿದ್ದುವ ಸ್ಥಳದಲ್ಲಿಯೇ ಈ ಶಾಸ್ತ್ರದ ವೈಶಿಷ್ಟ್ಯವಿರುವುದು. ರಾಯರ ಕೇಂಬ್ರಿಜ್ ಪ್ರಬಂಧವೇ ಇದಕ್ಕೆ ಪ್ರಮಾಣ. ಸೂಡಾನಿನ ಜೆಬೆಲ್ ಮೋಯ ಎಂಬಲ್ಲಿ ದೊರೆತ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ವಿಂಗಡಿಸಲು ಅವರು ಹೋದದ್ದು. ಮಹಲನೋಬಿಸರು 1936ರಲ್ಲಿ ಹೇಳಿದ್ದ ದೂರಮಾನವನ್ನು ಅಲ್ಲಿ ಪ್ರಯೋಗಿಸುತ್ತ, ವರ್ಗೀಕರಣದ ಸಿದ್ಧಾಂತವನ್ನೇ ಮುಂದುವರಿಸಿಕೊಂಡು ಬಂದರು.

ಇದೇ ಒರೆಗಲ್ಲನ್ನು ಸಾಹಿತ್ಯದ ವಿಷಯಕ್ಕೆ ಹಚ್ಚಿನೋಡೋಣ. ಅಮೆರಿಕದ ಮಾಸ್ಟೆಲರ್ ಮತ್ತು ವ್ಯಾಲೇಸ್ ಎಂಬಿಬ್ಬರು, ಹ್ಯಾಮಿಲ್ಟನ್ ಬರೆದನೋ ಮ್ಯಾಡಿಸನ್ ಬರೆದನೋ ಎಂದು ವಿವಾದವಿದ್ದ ಹನ್ನೆರಡು ಫೆಡರಲಿಸ್ಟ್ ಲೇಖನಗಳನ್ನು ಪರಿಶೀಲಿಸಿ, ಅವು ಮ್ಯಾಡಿಸನ್ನನವೆಂದು 1964ರಲ್ಲಿ ಪ್ರಕಟಿಸಿದರು. ಅವರು ನೆಚ್ಚಿದ್ದು ದೊಡ್ಡ ಶಬ್ದಗಳನ್ನಲ್ಲ. ಬರೆಯುವವನ ಗಮನಕ್ಕೆ ಬಾರದೆ ಲೇಖನಿಯಿಂದ ಜಾರುವ ಚಿಕ್ಕ ಅವ್ಯಯಗಳನ್ನು. ಈ ವಿಧಾನವನ್ನು ಕವಿರಾಜಮಾರ್ಗಕ್ಕೆ ಅನ್ವಯಿಸಿ, ಅದರ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬುದನ್ನು ತೀರ್ಮಾನಿಸಬಹುದೇ? ಮೇಲೆನೋಟಕ್ಕೆ ಆಕರ್ಷಕವಾದ ವಿಷಯ. ಆದರೆ ಇಲ್ಲಿ ಮೂರು ತೊಡಕುಗಳಿವೆ. ಹ್ಯಾಮಿಲ್ಟನ್ ಮ್ಯಾಡಿಸನ್ನರಿಬ್ಬರ ನಿಸ್ಸಂದಿಗ್ಧವಾದ ಬರಹಗಳು ಹೋಲಿಕೆಗೆ ದೊರಕುತ್ತಿದ್ದುವು; ಶ್ರೀವಿಜಯನದೆಂದಾಗಲಿ ನೃಪತುಂಗನದೆಂದಾಗಲಿ ನಿಸ್ಸಂಶಯವಾಗಿ ಹೇಳಬಹುದಾದ ಬೇರೆ ಕನ್ನಡ ಗ್ರಂಥವು ನಮಗೆ ಉಳಿದಿಲ್ಲ. ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ ಚಿಕ್ಕ ಶಬ್ದಗಳ ಕೆಲಸವನ್ನು ಕನ್ನಡದಲ್ಲಿ ಬಹುಮಟ್ಟಿಗೆ ಪ್ರತ್ಯಯಗಳು ಮಾಡುತ್ತವೆ. ಸಂಧಿಯಾದ ಪದ್ಯದಲ್ಲಿ ಎಣಿಸತಕ್ಕ ಘಟಕ ಯಾವುದೆಂಬುದೇ ಮೊದಲ ಪ್ರಶ್ನೆ. ಮೂರನೆಯದಾಗಿ, ದ್ವಿತೀಯಾಕ್ಷರ ಪ್ರಾಸವೂ ಛಂದಸ್ಸೂ ಶಬ್ದದ ಆಯ್ಕೆಯನ್ನು ಕವಿಯ ಕೈಯಿಂದ ಅರ್ಧ ಕಿತ್ತುಕೊಂಡಿರುತ್ತವೆ. ಈ ತೊಡಕುಗಳನ್ನು ಅರಿತು, ಪ್ರತ್ಯಯಗಳ ಎಣಿಕೆಗೆ ಒಂದು ಶಾಸ್ತ್ರವನ್ನು ಕಟ್ಟಿ, ಕರ್ತೃ ನಿಶ್ಚಿತವಾಗಿರುವ ಚಂಪೂಗಳ ಮೇಲೆ ಅದನ್ನು ಪರೀಕ್ಷಿಸಿ, ಕವಿರಾಜಮಾರ್ಗದ ವಿಷಯದಲ್ಲಿ ಮೌನವೇ ಉತ್ತರವೆಂದು ತೋರಿಸಿದ ವಿದ್ಯಾರ್ಥಿಗೆ ಪದವಿ ಸಲ್ಲಬೇಕು. ತೊಡಕುಗಳನ್ನು ಕಾಣದೆ ತೀರ್ಪುಕೊಟ್ಟವನಿಗೆ ಸಲ್ಲಬಾರದು. ನಿಯಮಾವಳಿಯ ಯಾವ ಅಂಕವೂ ಈ ಇಬ್ಬರ ನಡುವಣ ಅಂತರವನ್ನು ಹಿಡಿಯಲಾರದು.

ಸಂಬಂಧ

ಸಂಬಂಧವೆಂಬ ಮಾತನ್ನು ಇಲ್ಲಿ ಎರಡು ಅರ್ಥಗಳಲ್ಲಿ ತೆಗೆದುಕೊಳ್ಳಬೇಕಾಗಿದೆ. ಮೊದಲನೆಯದು ಗುರುಶಿಷ್ಯ ಸಂಬಂಧ. ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಕೂಡದೆಂದು 2022ರ ನಿಯಮಾವಳಿ ಮಿತಿಯಿಟ್ಟಿತು. ಈ ಮಿತಿ ಯುಕ್ತವಾದುದೇ. ಆದರೆ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗೆ ತನ್ನ ಗುರುವಿನೊಡನೆ ಇರುವಷ್ಟೇ ಮುಖ್ಯವಾದ ಇನ್ನೊಂದು ಸಂಬಂಧವುಂಟು. ಅದು ಅಂಕೆಗಳನ್ನು ಒದಗಿಸುವ ಅನ್ಯಶಾಸ್ತ್ರಜ್ಞರೊಡನೆ. ವೈದ್ಯನೋ ಬೇಸಾಯಗಾರನೋ ಶಾಸನತಜ್ಞನೋ ತನ್ನ ತೊಡಕನ್ನು ತನ್ನ ಭಾಷೆಯಲ್ಲಿ ಹೇಳಿದಾಗ, ಅದನ್ನು ಕೇಳಿಸಿಕೊಂಡು ಶಾಸ್ತ್ರದ ಪ್ರಶ್ನೆಯಾಗಿ ಮಾರ್ಪಡಿಸುವ ಕಲೆಯನ್ನು ಪುಸ್ತಕದಿಂದ ಕಲಿಯಲಾಗದು. ವಿದೇಶಗಳ ಹಲವು ಸಂಖ್ಯಾಶಾಸ್ತ್ರ ವಿಭಾಗಗಳಲ್ಲಿ ಇಂತಹ ಸಮಾಲೋಚನೆಯನ್ನೇ ಒಂದು ಪಾಠವಾಗಿ ಇಟ್ಟಿರುವರು. ನಮ್ಮ 12 ಕ್ರೆಡಿಟ್‌ಗಳಲ್ಲಿ ಎರಡನ್ನು ಇದಕ್ಕೆ ಬಿಟ್ಟುಕೊಟ್ಟರೆ ಯಾವ ನಷ್ಟವೂ ಆಗದು.

ಎರಡನೆಯ ಅರ್ಥ, ಪ್ರಬಂಧಕ್ಕೂ ಅದರ ಪ್ರಮಾಣಗಳಿಗೂ ಇರತಕ್ಕ ಸಂಬಂಧ. ಪ್ರಬಂಧವನ್ನು ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ನೋಡಬೇಕು. ಸಾಧ್ಯವಾದಲ್ಲಿ ಒಬ್ಬರು ಪರದೇಶದವರಾಗಿರಬೇಕು. ಅನಂತರ ಸಾರ್ವಜನಿಕವಾಗಿ ಮೌಖಿಕ ಪರೀಕ್ಷೆ ನಡೆಯಬೇಕು. ಪರೀಕ್ಷಕರ ಘನತೆಯಿಂದ ಪದವಿಗೆ ಎಂತಹ ಘನತೆ ಬರಬಹುದೆಂಬುದನ್ನು ಎಸ್. ಆರ್. ಎಸ್. ವರದನ್ ಅವರ ಉದಾಹರಣೆ ತೋರಿಸುತ್ತದೆ. 1959ರ ಶಾಸನದಿಂದ ಪದವಿ ಕೊಡುವ ಅಧಿಕಾರ ಪಡೆದ ಕಲಕತ್ತದ ಸಂಸ್ಥೆಯಲ್ಲಿ, ರಾಯರ ಶಿಷ್ಯರಾಗಿ ಅವರು 1963ರಲ್ಲಿ ಡಾಕ್ಟರಾದಾಗ ಅವರ ಪ್ರಬಂಧವನ್ನು ಪರೀಕ್ಷಿಸಿದವರಲ್ಲಿ ರಷ್ಯದ ಕೊಲ್ಮಗೊರೊವ್ ಒಬ್ಬರು. ಸಂಭವಶಾಸ್ತ್ರಕ್ಕೆ ಗಣಿತದ ತಳಹದಿಯನ್ನು ಹಾಕಿದವರೇ ಅವರು. 2007ರಲ್ಲಿ ವರದನ್ನರಿಗೆ ಏಬೆಲ್ ಬಹುಮಾನ ಸಂದಿತು.

ಆದರೆ ಎಂತಹ ಪರೀಕ್ಷಕನಿಗೂ ಪ್ರಬಂಧದ ಹಾಳೆಗಳು ಮಾತ್ರ ಸಾಲವು. ಪ್ರಮೇಯದ ಸಾಧನೆಯನ್ನು ಹಾಳೆಯ ಮೇಲೆ ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸಬಹುದು. ಈಗಿನ ಸಂಖ್ಯಾಶಾಸ್ತ್ರದ ಫಲಿತಾಂಶಗಳಲ್ಲಿ ಬಹುಪಾಲು ಗಣಕಯಂತ್ರದಲ್ಲಿ ಸಿದ್ಧವಾಗತಕ್ಕವು. ಯಂತ್ರಕ್ಕೆ ಕೊಟ್ಟ ಆದೇಶಗಳನ್ನೂ ಮೂಲ ಅಂಕೆಗಳನ್ನೂ ಕಾಣದೆ ಅವನ್ನು ನಂಬುವುದೆಂದರೆ, ಅಡಿಟಿಪ್ಪಣಿಯಿಲ್ಲದ ಶಾಸನಪಾಠವನ್ನು ನಂಬಿದಂತೆ. ನಿಯಮವು ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಶೋಧಗಂಗಾ ಭಂಡಾರಕ್ಕಾಗಿ ಒಪ್ಪಿಸಬೇಕೆನ್ನುತ್ತದೆ. ಅಂಕೆಗಳ ಮಾತನ್ನೇ ಎತ್ತುವುದಿಲ್ಲ.

ಅದರ ಬದಲು ಹೋಲಿಕೆಯ ಪರೀಕ್ಷೆಗೆ ಅತಿಯಾದ ಪ್ರಾಶಸ್ತ್ಯ ಸಂದಿದೆ. 2018ರಲ್ಲಿ ಆಯೋಗವು ಕೃತಿಚೌರ್ಯದ ವಿಷಯವಾಗಿ ಮಾಡಿದ ನಿಯಮಗಳಲ್ಲಿ ಶೇಕಡ 10ರವರೆಗಿನ ಹೋಲಿಕೆ ಅಲ್ಪ, ಅದರ ಮೇಲೆ 40ರವರೆಗೆ ಒಂದು ಮೆಟ್ಟಿಲು, 60ರವರೆಗೆ ಇನ್ನೊಂದು, ಅದಕ್ಕೂ ಮೇಲೆ ಮಗುದೊಂದು ಎಂದು ವಿಭಾಗಿಸಿದೆ. ಯಂತ್ರವು ಎಣಿಸುವುದು ಶಬ್ದಗಳ ಹೋಲಿಕೆಯನ್ನು. ಪ್ರಮೇಯವೊಂದನ್ನು ನಿಖರವಾಗಿ ಹೇಳುವ ವಾಕ್ಯ ಒಂದೇ ಇರಬಹುದು. ಅದನ್ನು ಹತ್ತು ಜನ ಹೇಳಿದರೆ ಹೋಲಿಕೆ ಸಹಜ. ಅದಕ್ಕೆ ಹೆದರಿದ ವಿದ್ಯಾರ್ಥಿಯು ನೇರವಾದ ವಾಕ್ಯವನ್ನು ತಿರುಚಿ ಅರ್ಥವನ್ನೇ ಕೆಡಿಸುವನು. ಪರರ ಆಲೋಚನೆಯನ್ನು ತನ್ನ ಮಾತಿನಲ್ಲಿ ಕದ್ದವನಾದರೋ ಯಂತ್ರದ ಬಲೆಯಿಂದ ಸುಖವಾಗಿ ಪಾರಾಗುವನು. ಒಂದು ಅಂಕೆಯನ್ನು ಅದರ ಅರ್ಥಕ್ಕಿಂತ ಹೆಚ್ಚಾಗಿ ನಂಬಬಾರದೆಂದು ಬೋಧಿಸುವ ಶಾಸ್ತ್ರದ ಪ್ರಬಂಧವನ್ನೇ ಇಂತಹ ಒಂದು ಅಂಕೆಯಿಂದ ಅಳೆಯುತ್ತಿರುವುದು ಸೋಜಿಗ.

2016ರ ನಿಯಮದಲ್ಲಿ, ಪ್ರಬಂಧವನ್ನು ಒಪ್ಪಿಸುವ ಮೊದಲು ವಿದ್ವತ್ಪತ್ರಿಕೆಯೊಂದರಲ್ಲಿ ಒಂದು ಲೇಖನವನ್ನಾದರೂ ಪ್ರಕಟಿಸಿ, ಎರಡು ಸಮ್ಮೇಳನಗಳಲ್ಲಿ ಪ್ರಬಂಧವಾಚನ ಮಾಡಿರಬೇಕೆಂಬ ಕಟ್ಟಳೆಯಿದ್ದಿತು. 2022ರಲ್ಲಿ ಅದನ್ನು ಕೈಬಿಟ್ಟರು. ಇದನ್ನು ಕೆಲವರು ಮಟ್ಟದ ಇಳಿತವೆಂದು ಆಕ್ಷೇಪಿಸುವರು. ನಮಗೆ ಹಾಗೆ ತೋರದು. ಕಡ್ಡಾಯದ ಪ್ರಕಟಣೆಯು ಹಣ ಪಡೆದು ಅಚ್ಚುಹಾಕುವ ಪತ್ರಿಕೆಗಳನ್ನು ಪೋಷಿಸಿತೇ ಹೊರತು ಪಾಂಡಿತ್ಯವನ್ನಲ್ಲ. ಕಟ್ಟಳೆ ಹೋದದ್ದು ಒಳ್ಳೆಯದು. ಅದರ ಸ್ಥಾನದಲ್ಲಿ ಬೇರೊಂದು ಸತ್ತ್ವಪರೀಕ್ಷೆ ಬಾರದೆ ಹೋದದ್ದು ಮಾತ್ರ ಕೊರತೆ.

ಪ್ರಯೋಜನ

ನಾಲ್ಕನೆಯ ಪ್ರಶ್ನೆಗೆ ಬಂದರೆ ನಿಯಮಾವಳಿಯು ಬಹುಮಟ್ಟಿಗೆ ಮೂಕವಾಗಿದೆ. ಪದವಿಯಿಂದ ಪದವೀಧರನಿಗೆ ಆಗುವ ಪ್ರಯೋಜನ ಎಲ್ಲರಿಗೂ ಗೊತ್ತು. ಪ್ರಬಂಧದಿಂದ ನಾಡಿಗೆ ಆಗುವ ಪ್ರಯೋಜನವೇನು? ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರವು 1978ರಲ್ಲಿ ಆರಂಭವಾಗಿ, ಕೆಲವು ವರ್ಷ ಕಂಟೋನ್ಮೆಂಟಿನ ಚರ್ಚ್ ಸ್ಟ್ರೀಟಿನಲ್ಲಿದ್ದು, ಆಮೇಲೆ ಮೈಸೂರು ರಸ್ತೆಯ ತನ್ನ ನಿವೇಶನಕ್ಕೆ ಹೋಯಿತು. ಅಲ್ಲಿಂದಲೂ ನಾಡಿನ ವಿಶ್ವವಿದ್ಯಾನಿಲಯಗಳಿಂದಲೂ ಇಷ್ಟು ವರ್ಷಗಳಲ್ಲಿ ಸಂಖ್ಯಾಶಾಸ್ತ್ರದ ಪ್ರಬಂಧಗಳು ಹೊರಬಂದಿವೆ. ಅವುಗಳಲ್ಲಿ ಕೆಲವು ಪ್ರಪಂಚದ ವಿದ್ವಾಂಸರ ಮನ್ನಣೆಗೆ ಪಾತ್ರವಾಗಿವೆ. ಆದರೆ ಅವುಗಳ ತಿರುಳನ್ನು ತಿಳಿಯಬಯಸುವ ಕನ್ನಡ ವಾಚಕನಿಗೆ ಒಂದು ಪುಟವೂ ದೊರಕದು.

ಇದು ನಮ್ಮ ಪರಂಪರೆಗೆ ಒಪ್ಪುವ ಸ್ಥಿತಿಯಲ್ಲ. ಕವಿರಾಜಮಾರ್ಗವನ್ನು ಪೋಷಿಸಿದ ಅಮೋಘವರ್ಷನ ಕಾಲದಲ್ಲಿಯೇ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಾಗಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವು ಅದರಲ್ಲಿದೆ. ಸಂಭವಶಾಸ್ತ್ರದ ಮೊದಲ ಮೆಟ್ಟಿಲದು. ಆ ಗ್ರಂಥ ಸಂಸ್ಕೃತದಲ್ಲಿದ್ದಿತು. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವೇ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ವಿಜ್ಞಾನವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಅವರ ಮುಂದೆ ಸಿದ್ಧವಾದ ಪರಿಭಾಷೆ ಇರಲಿಲ್ಲ. ಬರೆಯುತ್ತ ಬರೆಯುತ್ತ ಅದು ಸಿದ್ಧವಾಯಿತು.

ಆದುದರಿಂದ ನಮ್ಮ ಸೂಚನೆಯಿಷ್ಟು. ಕರ್ಣಾಟಕದ ವಿಶ್ವವಿದ್ಯಾನಿಲಯಗಳಿಗೆ ಒಪ್ಪಿಸುವ ಸಂಖ್ಯಾಶಾಸ್ತ್ರದ ಪ್ರತಿಯೊಂದು ಪ್ರಬಂಧದೊಡನೆ ಎರಡು ಅನುಬಂಧಗಳಿರಲಿ: ಮೂಲ ಅಂಕೆಗಳೂ ಯಂತ್ರಾದೇಶಗಳೂ ಒಂದು, ಹತ್ತು ಪುಟಗಳಿಗೆ ಮೀರದ ಕನ್ನಡ ಸಾರಲೇಖವೊಂದು. ರೋಗಿಗಳ ಹೆಸರು ಮುಂತಾದ ಗೋಪ್ಯವಿದ್ದಲ್ಲಿ ಅಂಕೆಗಳನ್ನು ಮರೆಮಾಡಲಿ. ಸಾರಲೇಖಕ್ಕೆ ಆ ನೆವವಿಲ್ಲ.

ಇದಕ್ಕೆ ಬರತಕ್ಕ ಪೂರ್ವಪಕ್ಷಗಳನ್ನು ನಾವು ಬಲ್ಲೆವು. ಸಾರಲೇಖವು ಇನ್ನೊಂದು ಒಣ ಕಟ್ಟಳೆಯಾಗುವುದೆಂಬುದು ಮೊದಲನೆಯದು. ಅದನ್ನು ಪರೀಕ್ಷಿಸುವವರಿಲ್ಲದಿದ್ದರೆ ಹಾಗಾಗುವುದು ನಿಜ. ಮೌಖಿಕ ಪರೀಕ್ಷೆಯ ದಿನ ಅದನ್ನು ಸಭೆಯಲ್ಲಿ ಓದಿಸಿ ಪ್ರಶ್ನೆ ಕೇಳಿದರೆ ಆಗದು. ಪರಿಭಾಷೆ ಸಾಲದೆಂಬುದು ಎರಡನೆಯದು. ಈ ಕೊರತೆ ನಿಜವಾದದ್ದು. ಇಡಿಯ ಸಮೂಹದಿಂದ ಆರಿಸಿ ತೆಗೆದ ಅಂಶಕ್ಕೂ, ವಾಸ್ತವವನ್ನು ಅನುಕರಿಸಲು ಕಟ್ಟಿದ ಗಣಿತರೂಪಕ್ಕೂ ಈಗ ಮಾದರಿಯೆಂಬ ಒಂದೇ ಹೆಸರು ನಡೆಯುತ್ತಿದೆ. ಒಂದೇ ವಾಕ್ಯದಲ್ಲಿ ಎರಡೂ ಬಂದಾಗ ಗೊಂದಲವಾಗುವುದು. ಆದರೆ ಬರೆಯದೆ ಕಾದುಕುಳಿತರೆ ಈ ಗೊಂದಲ ಎಂದಿಗೂ ತೀರದು. ಮೂರನೆಯದು ಗಂಭೀರವಾದ ಆಕ್ಷೇಪ. ಶಿವಾಜಿನಗರದಲ್ಲಿ ಉರ್ದು, ಹಲಸೂರಿನಲ್ಲಿ ತಮಿಳು, ಕೃಷ್ಣರಾಜಪುರದ ಕಡೆ ತೆಲುಗು ಮನೆಮಾತಾಗಿರುವ ವಿದ್ಯಾರ್ಥಿಗಳು ಅನೇಕರು. ಹೊರನಾಡುಗಳಿಂದ ಬಂದವರೂ ಉಂಟು. ಅವರ ಮೇಲೆ ಇದು ಭಾರವಲ್ಲವೇ? ನಾವು ಕೇಳುವುದು ಕಾವ್ಯಪ್ರೌಢಿಮೆಯನ್ನಲ್ಲ. ಅಮೆರಿಕದ ವಿಶ್ವವಿದ್ಯಾನಿಲಯಗಳು ಡಾಕ್ಟರ್ ಪದವಿಗಾಗಿ ಫ್ರೆಂಚನ್ನೂ ಜರ್ಮನನ್ನೂ ಓದಬಲ್ಲ ಶಕ್ತಿಯನ್ನು ಬಹುಕಾಲ ಅಪೇಕ್ಷಿಸುತ್ತಿದ್ದುವು. ಅದು ಅನ್ಯಾಯವೆಂದು ಯಾರೂ ಬಗೆಯಲಿಲ್ಲ. ಕನ್ನಡ ಬಾರದವನಿಗೆ ಅನುವಾದಕರ ನೆರವನ್ನು ವಿಶ್ವವಿದ್ಯಾನಿಲಯವೇ ಒದಗಿಸಲಿ. ಅನುವಾದಕನಿಗೆ ತನ್ನ ಪ್ರಬಂಧವನ್ನು ತಿಳಿಯಹೇಳುವ ಹೊಣೆ ವಿದ್ಯಾರ್ಥಿಯದಾಗಿರಲಿ. ಅನ್ಯಶಾಸ್ತ್ರದವನಿಗೆ ತನ್ನ ಶೋಧನೆಯನ್ನು ವಿವರಿಸಲಾರದವನು ಅದನ್ನು ತಾನಾದರೂ ಪೂರ್ತಿ ತಿಳಿದಿರುವನೇ ಎಂಬ ಸಂಶಯಕ್ಕೆ ಅವಕಾಶವಿದ್ದೇ ಇರುವುದು.

ಇಲ್ಲಿ ಕನ್ನಡ ಅಧ್ಯಾಪಕರ ಕರ್ತವ್ಯವೂ ಸೇರಿದೆ. ಆ ಹತ್ತು ಪುಟಗಳನ್ನು ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರೊಬ್ಬರೂ ಕನ್ನಡದ ಪ್ರಾಧ್ಯಾಪಕರೊಬ್ಬರೂ ಜೊತೆಯಾಗಿ ಕುಳಿತು ಓದಬೇಕಾಗುವುದು. ಒಬ್ಬರು ಅರ್ಥವು ಜಾರದಂತೆಯೂ ಇನ್ನೊಬ್ಬರು ಮಾತು ತೊದಲದಂತೆಯೂ ನೋಡಿಕೊಳ್ಳುವರು. ಈ ಶ್ರಮವನ್ನು ವಹಿಸಿಕೊಳ್ಳಲು ನಾವು ಸಿದ್ಧರಿಲ್ಲದಿದ್ದರೆ, ಶಾಸ್ತ್ರಗಳು ಕನ್ನಡವನ್ನು ಬಿಟ್ಟು ಹೋದುವೆಂದು ದೂರುವ ಹಕ್ಕು ನಮಗಿರುವುದಿಲ್ಲ. ಅಧಿಕಾರಿಯ ವಿಷಯದಲ್ಲಿ ನಿಯಮಾವಳಿ ಹೇಳಿರುವುದು ಸಾಕಷ್ಟಿದೆ. ವಿಷಯ ಸಂಬಂಧಗಳ ಕೊರತೆಯನ್ನು ಸಂಖ್ಯಾಶಾಸ್ತ್ರಜ್ಞರು ತುಂಬಿಕೊಳ್ಳಬಲ್ಲರು. ಪ್ರಯೋಜನದ ಕೊರತೆಯನ್ನು ಅವರೂ ನಾವೂ ಕೂಡಿಯೇ ತುಂಬಬೇಕಾಗಿದೆ. ಯಾವುದಾದರೂ ಒಂದು ವಿಶ್ವವಿದ್ಯಾನಿಲಯವು, ಆಯೋಗದ ಅಪ್ಪಣೆಗೆ ಕಾಯದೆ, ತನ್ನ ಮುಂದಿನ ಪ್ರಬಂಧದಿಂದಲೇ ಇದನ್ನು ಆರಂಭಿಸಬಹುದು. ಕನಿಷ್ಠ 12 ಕ್ರೆಡಿಟ್‌ಗಳೆಂದು ಹೇಳಿದ ನಿಯಮವು ಅದಕ್ಕಿಂತ ಹೆಚ್ಚು ಮಾಡಬಾರದೆಂದು ಎಲ್ಲಿಯೂ ಹೇಳಿಲ್ಲ.